ಸರ್ಪಸುತ್ತು: ಮೂರು ದಿನದೊಳಗೆ ಡಾಕ್ಟರರ ಬಳಿ ಹೋಗಿ



ನಾನು ಡಾಕ್ಟರನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬಯಿಗೆ ಬಂದು ಗಲ್ಲಾದಲ್ಲಿ ಕುಳಿತವನು. ಆದರೂ ಒಂದು ಕಾಯಿಲೆಯ ಬಗ್ಗೆ ಬರೆಯಲು ಹೊರಟಿದ್ದೇನೆ. ಏಕೆಂದರೆ ಅದನ್ನು ತಡವಾಗಿ ಗುರುತಿಸಿ ಐದು ತಿಂಗಳು ನರಳಿದವನು ನಾನು.

2019ರ ಮೇ ತಿಂಗಳು. ಎಡ ಪಕ್ಕೆಲುಬಿನ ಹತ್ತಿರ ಉರಿ, ಸೂಜಿ ಚುಚ್ಚಿದ ಹಾಗೆ ನೋವು. ಹೃದಯದ ತೊಂದರೆಯೇ ಎಂದು ಹೆದರಿ ಇಸಿಜಿ ಮಾಡಿಸಿದೆ. ಸರಿಯಾಗಿತ್ತು. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದೆ. ಮೂರನೆಯ ದಿನ ಅದೇ ಜಾಗದಲ್ಲಿ ಕೆಂಪು ಗುಳ್ಳೆಗಳ ಸಾಲು. ಅಡುಗೆಕೋಣೆಯ ಸೆಕೆಗೆ ಎದ್ದ ಬೆವರುಸಾಲೆ ಎಂದು ಪೌಡರ್ ಹಾಕಿದೆ. ಊರಿಗೆ ಫೋನು ಮಾಡಿದಾಗ ಅಮ್ಮ, "ಅದು ಸರ್ಪಸುತ್ತು ಮಗಾ, ಕೆಮ್ಮಣ್ಣು ಹಚ್ಚು" ಎಂದರು. ಅದೂ ಆಯಿತು. ಡಾಕ್ಟರರಿಗೆ ತೋರಿಸಿದ್ದು ಗುಳ್ಳೆ ಎದ್ದ ಆರನೆಯ ದಿನ. "ಮೊದಲೇ ಬರಬೇಕಿತ್ತು" ಎಂದರು. ಗುಳ್ಳೆ ಒಣಗಿತು, ನೋವು ಹೋಗಲಿಲ್ಲ. ಅಂಗಿ ತಾಗಿದರೂ ಬೆಂಕಿ ತಾಗಿದ ಹಾಗೆ. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಹಾಲಿನವನು ಬರುವಾಗ ಏಳುವ ತ್ರಾಣವಿಲ್ಲ.

ಇದು ಬರುವುದು ಹೇಗೆ?

ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಬಂದುಹೋದರೂ ಅದರ ವೈರಸ್ ನಮ್ಮ ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸು 50 ದಾಟಿದಾಗ, ಡಯಾಬಿಟಿಸ್ ಇದ್ದಾಗ, ಕ್ಯಾನ್ಸರ್ ಚಿಕಿತ್ಸೆ ಅಥವಾ ಸ್ಟಿರಾಯ್ಡ್‌ನಿಂದ ದೇಹದ ಶಕ್ತಿ ಕುಗ್ಗಿದಾಗ ಅದು ಮತ್ತೆ ಎದ್ದು ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಹಾಗಾಗಿಯೇ ಗುಳ್ಳೆಗಳು ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಏಳುವುದು. ಹಾವಿನ ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಎಂಬ ಮಾತಿಗೆ ಹೆದರಬೇಡಿ. ನಾಗನಿಗೆ ತನು ಎರೆಯುವುದು ನಿಮ್ಮ ಭಕ್ತಿ. ಆದರೆ ಮದ್ದು ಮೊದಲು ಆಗಲಿ.

ಗುರುತಿಸುವುದು ಹೇಗೆ?

1. ಒಂದೇ ಬದಿಯಲ್ಲಿ ಉರಿ, ಚುಚ್ಚು ನೋವು ಅಥವಾ ತುರಿಕೆ. ಇದು ಹೆಚ್ಚಾಗಿ ಗುಳ್ಳೆಗಿಂತ ಕೆಲವು ದಿನ ಮೊದಲೇ ಶುರುವಾಗುತ್ತದೆ.
2. ಅದೇ ಜಾಗ ಕೆಂಪಾಗಿ, ನೀರು ತುಂಬಿದ ಗುಳ್ಳೆಗಳು ಗೊಂಚಲಾಗಿ ಏಳುತ್ತವೆ.
3. ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಬಂದರೆ ಕಣ್ಣಿಗೆ ಅಪಾಯ. ಅದೇ ದಿನ ಕಣ್ಣಿನ ಡಾಕ್ಟರರಿಗೂ ತೋರಿಸಬೇಕು. ಕಿವಿಯಲ್ಲಿ ಗುಳ್ಳೆ ಬಂದು ಮುಖ ಸೊಟ್ಟಗಾದರೂ ತಡ ಮಾಡಬಾರದು.

ಎದೆನೋವು ಬಂದರೆ ಮಾತ್ರ ಇದೇ ಇರಬೇಕು ಎಂದು ಸುಮ್ಮನಿರಬೇಡಿ. ಮೊದಲು ಹೃದಯ ಪರೀಕ್ಷೆ ಆಗಲಿ.

72 ಗಂಟೆಯ ಲೆಕ್ಕ

ಅಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಎಂಬ ಮಾತ್ರೆಗಳಿವೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಗುಣ. ಸಾಮಾನ್ಯವಾಗಿ 7 ದಿನದ ಕೋರ್ಸು. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಬದಲಾಗುತ್ತದೆ. ಆದ್ದರಿಂದ ಮೆಡಿಕಲ್ ಅಂಗಡಿಯವನ ಮಾತಿನ ಮೇಲೆ ತೆಗೆದುಕೊಳ್ಳಬೇಡಿ. ಮೂರು ದಿನ ದಾಟಿದರೂ ಹೋಗದೆ ಇರಬೇಡಿ. ಹೊಸ ಗುಳ್ಳೆ ಏಳುತ್ತಿದ್ದರೆ ಆಗಲೂ ಡಾಕ್ಟರರು ಮದ್ದು ಕೊಡುತ್ತಾರೆ, ನೋವಿಗೂ ಬೇರೆ ಮದ್ದಿದೆ.

ನಮ್ಮ ಹುಡುಗರಿಗೆ ಬಂದರೆ?

2023ರಲ್ಲಿ ನಮ್ಮ ದೋಸೆ ಭಟ್ಟರ ಹಣೆಯಲ್ಲಿ ಗುಳ್ಳೆ ಕಂಡಿತು. "ಎಣ್ಣೆ ಸಿಡಿದದ್ದು ಮಾರಾಯ್ರೆ" ಎಂದರು. "ಗುಳ್ಳೆ ಏಳುವ ಮೊದಲು ನೋವಿತ್ತೇ?" ಎಂದು ಕೇಳಿದೆ. "ಎರಡು ದಿನದಿಂದ ಆ ಬದಿಗೆ ತಲೆ ಸಿಡಿಯುತ್ತಿದೆ" ಎಂದರು. ಎಣ್ಣೆ ಸಿಡಿದರೆ ಎರಡು ದಿನ ಮೊದಲೇ ನೋಯುತ್ತದೆಯೇ? ಶನಿವಾರದ ಸಂಜೆ, ಗಿರಾಕಿಗಳ ರಶ್ಶು. ತವಾ ಬಂದ್ ಮಾಡಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣು ಉಳಿಯಿತು. ಆ ದಿನದ ದೋಸೆ ವ್ಯಾಪಾರ ಹೋದದ್ದು ಇವತ್ತು ನೆನಪಿಗೂ ಬರುವುದಿಲ್ಲ.

ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಸರ್ಪಸುತ್ತಾಗಿ ಹರಡುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಚಿಕನ್ ಪಾಕ್ಸ್ ಬಾರದವರಿಗೆ ಚಿಕನ್ ಪಾಕ್ಸ್ ಬರಬಹುದು. ಗರ್ಭಿಣಿಯರು, ಹಸುಗೂಸುಗಳು ದೂರವಿರಬೇಕು. ನಮ್ಮ ಹುಡುಗರು ಒಂದೇ ರೂಮಿನಲ್ಲಿ ಹತ್ತು ಜನ ಮಲಗುವವರು. ಟವೆಲು, ಚಾದರ ಬೇರೆ ಇರಲಿ, ಗುಳ್ಳೆ ಮುಚ್ಚಿರಲಿ. ಗುಳ್ಳೆ ಒಣಗಿ ಹೆಕ್ಕಳೆ ಕಟ್ಟಲು ಸಾಮಾನ್ಯವಾಗಿ 7ರಿಂದ 10 ದಿನ. ಅಲ್ಲಿಯವರೆಗೆ ಅಡುಗೆಗೆ ಕೈ ಹಾಕುವುದು ಬೇಡ. ಆ ದಿನಗಳ ಸಂಬಳ ಕತ್ತರಿಸಬೇಡಿ. ಕತ್ತರಿಸಿದರೆ ಮುಂದಿನವನು ಕಾಯಿಲೆಯನ್ನು ಅಂಗಿಯೊಳಗೆ ಮುಚ್ಚಿಡುತ್ತಾನೆ.

50 ದಾಟಿದವರಿಗೆ ಶಿಂಗ್ರಿಕ್ಸ್ ಎಂಬ ಲಸಿಕೆ 2023ರಿಂದ ನಮ್ಮ ದೇಶದಲ್ಲಿಯೂ ಸಿಗುತ್ತಿದೆ. 2ರಿಂದ 6 ತಿಂಗಳ ಅಂತರದಲ್ಲಿ ಎರಡು ಡೋಸು. ಅದು ಬಾರದಂತೆ ತಡೆಯಲು, ಬಂದ ಮೇಲೆ ಗುಣಪಡಿಸಲು ಅಲ್ಲ. ಬೆಲೆ ಜಾಸ್ತಿಯೇ. ನಿಮ್ಮ ಡಾಕ್ಟರರನ್ನು ಕೇಳಿ ನಿರ್ಧರಿಸಿ.

ಮಿಕ್ಸರ್ ಕೆಟ್ಟರೆ ಆ ಗಳಿಗೆಯೇ ಮೆಕ್ಯಾನಿಕ್‌ನನ್ನು ಕರೆಸುವವರು ನಾವು. ನಮ್ಮ ಮೈಗೂ ಅಷ್ಟು ಗಮನ ಕೊಡೋಣ. ಈ ಪುಟವನ್ನು ಅಡುಗೆಕೋಣೆಯಲ್ಲಿಯೂ ಒಮ್ಮೆ ಓದಿ ಹೇಳಿ.