ಆಲ್ಪ್ಸ್ ಗಿರಿಧಾಮದಲ್ಲಿ ಮನೆ: ಹೂಡಿಕೆಗೆ ಮುನ್ನ ಅರಿಯಬೇಕಾದ ಪಾಠಗಳು
ಸ್ವಿಟ್ಜರ್ಲೆಂಡಿನ ಆಂಡರ್‌ಮಾಟ್ ಪಟ್ಟಣದ ಒಂದು ಅಧ್ಯಯನ

ಭಾರತ ಹಾಗೂ ಸ್ವಿಟ್ಜರ್ಲೆಂಡ್ ಒಳಗೊಂಡ ನಾಲ್ಕು ರಾಷ್ಟ್ರಗಳ ಇ.ಎಫ್.ಟಿ.ಎ. ಕೂಟದ ನಡುವೆ 2024ರ ಮಾರ್ಚ್ 10ರಂದು ಸಹಿಯಾದ ವ್ಯಾಪಾರ ಒಪ್ಪಂದವು 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆ ದೇಶದೊಡನೆ ವ್ಯವಹಾರ ನಡೆಸುವ ಉದ್ಯಮಿಗಳಿಗೆ ಹಿಮಗಿರಿಗಳ ಮಡಿಲಿನಲ್ಲಿ ಒಂದು ಮನೆ ಕೊಳ್ಳಬೇಕೆಂಬ ಆಲೋಚನೆ ಮೂಡುವುದು ಸಹಜ. ಆದರೆ ಸರಕಿಗೆ ಬಾಗಿಲು ತೆರೆದ ಮಾತ್ರಕ್ಕೆ ನೆಲಕ್ಕೂ ಬಾಗಿಲು ತೆರೆಯಿತೆಂದು ಭಾವಿಸುವುದು ತಪ್ಪು. ಸ್ಥಿರಾಸ್ತಿಯ ವಿಷಯದಲ್ಲಿ ಸ್ವಿಟ್ಜರ್ಲೆಂಡ್ ಯೂರೋಪಿನ ಅತ್ಯಂತ ಬಿಗಿಯಾದ ರಾಷ್ಟ್ರಗಳಲ್ಲೊಂದು.

ಎರಡು ಕಾಯ್ದೆಗಳ ಬೇಲಿ

ಮೊದಲನೆಯದು 1983ರ ಡಿಸೆಂಬರ್‌ನಲ್ಲಿ ಅಂಗೀಕೃತವಾಗಿ 1985ರಿಂದ ಜಾರಿಯಲ್ಲಿರುವ, 'ಲೆಕ್ಸ್ ಕೊಲರ್' ಎಂದೇ ಪ್ರಸಿದ್ಧವಾದ ಒಕ್ಕೂಟ ಕಾಯ್ದೆ. ಇದರ ಪ್ರಕಾರ ಆ ದೇಶದ ನಿವಾಸಿಯಲ್ಲದ ವಿದೇಶೀಯನು ವಸತಿ ಆಸ್ತಿ ಕೊಳ್ಳಲು ಸರ್ಕಾರದ ಅನುಮತಿ ಪಡೆಯಬೇಕು. ಕೇವಲ ಬಂಡವಾಳ ಹೂಡಿಕೆಯ ಉದ್ದೇಶಕ್ಕೆ ಅನುಮತಿ ದೊರೆಯುವುದಿಲ್ಲ. ಪ್ರವಾಸಿ ತಾಣಗಳಲ್ಲಿನ ರಜಾಗೃಹಗಳಿಗೆ ಮಾತ್ರ ಇಡೀ ದೇಶಕ್ಕೆ ವರ್ಷಕ್ಕೆ 1,500 ಅನುಮತಿಗಳ ಮಿತಿಯಿದ್ದು, ಅದನ್ನು ಪ್ರಾಂತ್ಯಗಳಿಗೆ ಹಂಚಲಾಗುತ್ತದೆ. ವಾಲೆ ಮತ್ತು ಗ್ರಾಬುಂಡೆನ್ ಪ್ರಾಂತ್ಯಗಳಿಗೆ ಹೆಚ್ಚಿನ ಪಾಲು ಸಲ್ಲುತ್ತದೆ. ಮನೆಯ ವಾಸದ ವಿಸ್ತೀರ್ಣ ಸಾಮಾನ್ಯವಾಗಿ 200 ಚದರ ಮೀಟರು ಮೀರುವಂತಿಲ್ಲ. ಆಗಾಗ್ಗೆ ಬಾಡಿಗೆಗೆ ಕೊಡಬಹುದಾದರೂ ವರ್ಷಪೂರ್ತಿ ಬಾಡಿಗೆಗೆ ಬಿಡುವಂತಿಲ್ಲ. ಹೋಟೆಲು, ಕಾರ್ಖಾನೆ, ಕಚೇರಿ ಮುಂತಾದ ವಾಣಿಜ್ಯ ಆಸ್ತಿಗೆ ಈ ಅನುಮತಿ ಬೇಕಿಲ್ಲ.

ಎರಡನೆಯ ಬೇಲಿ ವಿದೇಶೀಯರ ವಿರುದ್ಧವಲ್ಲ, ಬೀಗ ಹಾಕಿದ ಮನೆಗಳ ವಿರುದ್ಧ ಎದ್ದದ್ದು. ವರ್ಷದಲ್ಲಿ ಕೆಲವೇ ವಾರ ತೆರೆಯುವ ಮನೆಗಳನ್ನು ಅಲ್ಲಿನವರು 'ತಣ್ಣನೆಯ ಹಾಸಿಗೆಗಳು' ಎಂದು ಕರೆಯುತ್ತಾರೆ. ಅವುಗಳಿಗಾಗಿ ಕಣಿವೆಗಳು ಕಾಂಕ್ರೀಟಿನಿಂದ ತುಂಬುತ್ತವೆ, ಭೂಮಿಯ ಬೆಲೆ ಏರುತ್ತದೆ, ಹೋಟೆಲಿನ ಕೆಲಸಗಾರನಿಗೂ ಶಾಲೆಯ ಶಿಕ್ಷಕನಿಗೂ ಊರಿನಲ್ಲೇ ಬಾಡಿಗೆಮನೆ ಸಿಗದಂತಾಗುತ್ತದೆ. ಪರಿಸರವಾದಿ ಫ್ರಾಂಟ್ಸ್ ವೇಬರ್ ಮುಂದಿಟ್ಟ ಪ್ರಸ್ತಾವವನ್ನು 2012ರ ಮಾರ್ಚ್ 11ರ ಜನಮತಗಣನೆಯಲ್ಲಿ ಶೇ. 50.6ರಷ್ಟು ಮತದಾರರು ಒಪ್ಪಿದರು. ಅದರಂತೆ ಎರಡನೆಯ ಮನೆಗಳ ಪ್ರಮಾಣ ಶೇ. 20 ಮೀರಿರುವ ಗ್ರಾಮಗಳಲ್ಲಿ ಹೊಸ ಎರಡನೆಯ ಮನೆ ಕಟ್ಟಲು ತಡೆಯುಂಟಾಯಿತು. ಇದರ ವಿವರಗಳನ್ನು ನಿಗದಿಪಡಿಸಿದ ಕಾಯ್ದೆ 2016ರ ಜನವರಿ 1ರಂದು ಜಾರಿಯಾಯಿತು. 2012ರ ಆ ದಿನಕ್ಕೆ ಮೊದಲೇ ನಿಂತಿದ್ದ ಅಥವಾ ಅನುಮತಿ ಪಡೆದಿದ್ದ ಮನೆಗಳ ಬಳಕೆಗೆ ಮಾತ್ರ ಸ್ವಾತಂತ್ರ್ಯ ಉಳಿದಿದೆ. ಹೀಗಾಗಿ ಮನೆಯ ಜನ್ಮದಿನಾಂಕವೇ ಅದರ ಬೆಲೆಯ ಒಂದು ಭಾಗವಾಗಿದೆ.

ಆಂಡರ್‌ಮಾಟ್: ಅಪವಾದವಾದ ಊರು

ಊರಿ ಪ್ರಾಂತ್ಯದ ಆಂಡರ್‌ಮಾಟ್ ಸಮುದ್ರಮಟ್ಟದಿಂದ ಸುಮಾರು 1,440 ಮೀಟರು ಎತ್ತರದಲ್ಲಿ, ಗಾಟ್‌ಹಾರ್ಡ್ ಕಣಿವೆಮಾರ್ಗದ ಬುಡದಲ್ಲಿದೆ. ಒಂದು ಕಾಲಕ್ಕೆ ಕುದುರೆಗಾಡಿಗಳ ಪ್ರಯಾಣಿಕರಿಂದ ಬದುಕಿದ ಈ ಊರಿನ ಕೆಳಗೆ 1882ರಲ್ಲಿ ರೈಲು ಸುರಂಗವೂ 1980ರಲ್ಲಿ ರಸ್ತೆ ಸುರಂಗವೂ ತೆರೆದವು. ದಾರಿಹೋಕರು ಊರನ್ನು ಮುಟ್ಟದೆಯೇ ಸಾಗತೊಡಗಿದರು. ಸೇನೆಯ ಶಿಬಿರವೇ ಬಹುಕಾಲ ಆಸರೆಯಾಗಿತ್ತು. ಶೀತಲ ಸಮರ ಮುಗಿದ ಬಳಿಕ ಸೇನೆಯೂ ಹಿಂಜರಿಯಿತು.

ಇಂತಹ ಸಂದರ್ಭದಲ್ಲಿ ಈಜಿಪ್ಟಿನ ಉದ್ಯಮಿ ಸಮೀಹ್ ಸಾವಿರಿಸ್ ಅವರು ಸೇನೆಯ ಜಾಗವನ್ನು ಬಳಸಿ ಹೋಟೆಲು, ವಸತಿ ಸಮುಚ್ಚಯ, ಗಾಲ್ಫ್ ಮೈದಾನಗಳ ಬೃಹತ್ ಯೋಜನೆಯನ್ನು ಮುಂದಿಟ್ಟರು. ಸ್ವಿಸ್ ಸರ್ಕಾರವು 2006ರ ಡಿಸೆಂಬರ್‌ನಲ್ಲಿ ಈ ಯೋಜನೆಗೆ ಲೆಕ್ಸ್ ಕೊಲರ್ ಕಾಯ್ದೆಯಿಂದ ವಿನಾಯಿತಿ ನೀಡಿತು. ಮರುವರ್ಷ ಗ್ರಾಮದ ಮತದಾರರು ಭಾರಿ ಬಹುಮತದಿಂದ ಯೋಜನೆಯನ್ನು ಬೆಂಬಲಿಸಿದರು. 2013ರ ಡಿಸೆಂಬರ್‌ನಲ್ಲಿ 'ಚೇಡಿ' ಹೋಟೆಲು ಬಾಗಿಲು ತೆರೆಯಿತು. 2018ರ ಹೊತ್ತಿಗೆ ಆಂಡರ್‌ಮಾಟ್ ಮತ್ತು ಸೆಡ್ರುನ್ ಹಿಮಜಾರು ಪ್ರದೇಶಗಳು ಒಂದುಗೂಡಿದವು. 2022ರಲ್ಲಿ ಅಮೆರಿಕದ ವೇಲ್ ರೆಸಾರ್ಟ್ಸ್ ಸಂಸ್ಥೆಯು ಈ ಹಿಮಜಾರು ಕಂಪನಿಯಲ್ಲಿ ಶೇ. 55ರ ಪಾಲು ಪಡೆಯಿತು.

ಈ ವಿನಾಯಿತಿಯ ವ್ಯಾಪ್ತಿಯನ್ನು ಕೊಳ್ಳುವವರು ಸರಿಯಾಗಿ ಗ್ರಹಿಸಬೇಕು. ಅದು ಯೋಜನೆಯ ಪ್ರದೇಶಕ್ಕೆ ಸಂಬಂಧಿಸಿದ್ದೇ ಹೊರತು ಇಡೀ ಊರಿಗಲ್ಲ. ಹಳೆಯ ಬೀದಿಯ ಮರದ ಮನೆಯೊಂದನ್ನು ಮೆಚ್ಚಿದ ವಿದೇಶೀಯನಿಗೆ ಸಾಮಾನ್ಯ ನಿಯಮಗಳೇ ಅನ್ವಯಿಸುತ್ತವೆ. ಮೇಲಾಗಿ ಅದು ಕಾಲಬದ್ಧವಾದದ್ದು. ಎಂದೋ ದೊರೆತ ವಿನಾಯಿತಿ ತನ್ನ ಮಕ್ಕಳ ಕಾಲಕ್ಕೂ ಇರುವುದೆಂದು ಲೆಕ್ಕ ಹಾಕಿ ಬೆಲೆ ತೆರುವುದು ವಿವೇಕವಲ್ಲ.

ಮನೆ ಬೇರೆ, ವಾಸದ ಹಕ್ಕು ಬೇರೆ

ಸ್ವಿಟ್ಜರ್ಲೆಂಡಿನಲ್ಲಿ ಮನೆ ಕೊಂಡವನಿಗೆ ಅದರಿಂದಲೇ ವಾಸದ ಪರವಾನಗಿ ಸಿಗುವುದಿಲ್ಲ. ಭಾರತೀಯ ಪ್ರಜೆಯು ಷೆಂಗನ್ ವೀಸಾ ಪಡೆದೇ ತನ್ನ ಸ್ವಂತ ಮನೆಗೆ ಹೋಗಬೇಕು, ಮತ್ತು ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳಿಗಿಂತ ಹೆಚ್ಚು ಉಳಿಯುವಂತಿಲ್ಲ. ನಿವೃತ್ತಿಯ ದಿನಗಳನ್ನು ಅಲ್ಲಿಯೇ ಕಳೆಯುವ ಯೋಜನೆಯಿದ್ದರೆ ವಾಸದ ಪರವಾನಗಿಯ ಪ್ರಶ್ನೆ ಮೊದಲು ಇತ್ಯರ್ಥವಾಗಬೇಕು, ಮನೆಯ ಪ್ರಶ್ನೆ ಅನಂತರ.

ಗಿರಿಧಾಮದ ವರ್ಷವೂ ಸಮನಾಗಿರುವುದಿಲ್ಲ. ಚಳಿಗಾಲದಲ್ಲಿ ತುಂಬಿ ತುಳುಕುವ ಊರು ಹಿಮ ಕರಗುವ ವಸಂತದಲ್ಲಿಯೂ ಮಂಜು ಕವಿಯುವ ನವೆಂಬರ್‌ನಲ್ಲಿಯೂ ಅರೆನಿದ್ರೆಯಲ್ಲಿರುತ್ತದೆ. ಬಾಡಿಗೆ ಆದಾಯವನ್ನು ಹನ್ನೆರಡು ತಿಂಗಳಿಗೆ ಲೆಕ್ಕ ಹಾಕಬಾರದು. ಆದರೆ ತಾಪನ, ಹಿಮ ತೆರವು, ಸಮುಚ್ಚಯದ ನಿರ್ವಹಣೆ ಇವುಗಳ ವೆಚ್ಚ ಹನ್ನೆರಡು ತಿಂಗಳೂ ಇರುತ್ತದೆ. ತಾಪಮಾನ ಏರುತ್ತಿರುವ ಈ ಕಾಲದಲ್ಲಿ ಕೆಳಮಟ್ಟದ ತಾಣಗಳಿಗೆ ಹಿಮದ ಭರವಸೆ ಕುಗ್ಗುತ್ತಿದೆ. 2,961 ಮೀಟರು ಎತ್ತರದ ಗೆಮ್ಸ್‌ಸ್ಟಾಕ್ ಶಿಖರವಿರುವುದು ಆಂಡರ್‌ಮಾಟ್‌ಗೆ ಒಂದು ಅನುಕೂಲ.

ಭಾರತದ ಕಡೆಯ ಲೆಕ್ಕ

ಭಾರತದ ನಿವಾಸಿಯು ಎಲ್.ಆರ್.ಎಸ್. ಎಂದು ಪರಿಚಿತವಾದ ರಿಸರ್ವ್ ಬ್ಯಾಂಕಿನ ಹಣ ರವಾನೆ ಯೋಜನೆಯಡಿ ಒಂದು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರುಗಳವರೆಗೆ ಕಳುಹಿಸಿ ಹೊರದೇಶದಲ್ಲಿ ಸ್ಥಿರಾಸ್ತಿ ಕೊಳ್ಳಬಹುದು. ಉದಾಹರಣೆಗೆ, 10 ಲಕ್ಷ ಡಾಲರು ಬೆಲೆಯ ಮನೆಗೆ ಒಬ್ಬನೇ ಹಣ ಕಳುಹಿಸಿದರೆ ನಾಲ್ಕು ಆರ್ಥಿಕ ವರ್ಷಗಳು ಬೇಕು. ಕುಟುಂಬದ ನಾಲ್ವರು ಸೇರಿ ಕಳುಹಿಸಿದರೆ ಒಂದೇ ವರ್ಷ ಸಾಕು. ಆದರೆ ಹಣ ಕೊಟ್ಟವರೆಲ್ಲರ ಹೆಸರೂ ಮಾಲೀಕತ್ವದಲ್ಲಿ ಸೇರಬೇಕಾಗುತ್ತದೆಂಬುದನ್ನು ಮರೆಯಬಾರದು.

ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಇಂತಹ ರವಾನೆಯ ಮೇಲೆ ಬ್ಯಾಂಕು ಶೇ. 20ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸುತ್ತದೆ. ಇದನ್ನು ಅಂತಿಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ಮರುಪಾವತಿ ಪಡೆಯಬಹುದು. ಆದರೂ ಅಷ್ಟು ದುಡಿಯುವ ಬಂಡವಾಳ ತಿಂಗಳುಗಟ್ಟಲೆ ಕಟ್ಟಿಹೋಗುತ್ತದೆ. ಮನೆಯನ್ನು ಪ್ರತಿವರ್ಷ ಆದಾಯ ತೆರಿಗೆ ವಿವರಪತ್ರದ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ಘೋಷಿಸಬೇಕು. ತಪ್ಪಿದಲ್ಲಿ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಸ್ವಿಟ್ಜರ್ಲೆಂಡಿನಲ್ಲಿಯೂ ತೆರಿಗೆಗಳಿವೆ. ಆಸ್ತಿಯ ನಿವ್ವಳ ಮೌಲ್ಯದ ಮೇಲೆ ಸಂಪತ್ತು ತೆರಿಗೆ, ಮಾರಿದಾಗ ಲಾಭದ ಮೇಲೆ ತೆರಿಗೆ ಸಲ್ಲಬೇಕು. ಕೊಂಡ ಕೆಲವೇ ವರ್ಷಗಳಲ್ಲಿ ಮಾರಿದರೆ ಈ ಎರಡನೆಯ ತೆರಿಗೆಯ ಹೊರೆ ಸಾಮಾನ್ಯವಾಗಿ ಹೆಚ್ಚು. ಸ್ವಂತ ಬಳಕೆಯ ಮನೆಗೂ ಕಲ್ಪಿತ ಬಾಡಿಗೆಯನ್ನು ಆದಾಯವೆಂದೆಣಿಸುವ ಪದ್ಧತಿಯನ್ನು ಕೈಬಿಡಲು ದಾರಿಮಾಡುವ ನಿರ್ಣಯಕ್ಕೆ 2025ರ ಸೆಪ್ಟೆಂಬರ್ 28ರಂದು ಮತದಾರರು ಒಪ್ಪಿಗೆಯಿತ್ತರು. ಅದೇ ನಿರ್ಣಯವು ಎರಡನೆಯ ಮನೆಗಳ ಮೇಲೆ ಹೊಸ ವಿಶೇಷ ತೆರಿಗೆ ವಿಧಿಸುವ ಅಧಿಕಾರವನ್ನು ಪ್ರಾಂತ್ಯಗಳಿಗೆ ನೀಡಿದೆ. ಒಂದು ಕೈಯಲ್ಲಿ ಇಳಿದ ಭಾರ ಇನ್ನೊಂದು ಕೈಗೆ ಬರಬಹುದು.

ವಿನಿಮಯ ದರವೂ ನಿರ್ಣಾಯಕವಾದುದು. 2005ರ ಸುಮಾರಿನಲ್ಲಿ 35 ರೂಪಾಯಿಯ ಆಸುಪಾಸಿನಲ್ಲಿದ್ದ ಸ್ವಿಸ್ ಫ್ರಾಂಕ್ 2025ರಲ್ಲಿ 100 ರೂಪಾಯಿ ದಾಟಿತು. ಹಿಂದೆ ಕೊಂಡವರಿಗೆ ಮನೆಯ ಬೆಲೆ ಏರದಿದ್ದರೂ ರೂಪಾಯಿ ಲೆಕ್ಕದಲ್ಲಿ ಲಾಭವಾಯಿತು. ಆದರೆ ನಿರ್ವಹಣೆಯ ಖರ್ಚನ್ನು ರೂಪಾಯಿಯಲ್ಲಿ ಗಳಿಸಿ ಫ್ರಾಂಕಿನಲ್ಲಿ ತೆರುವವರಿಗೆ ಅದೇ ಏರಿಕೆ ವರ್ಷವರ್ಷವೂ ಭಾರವಾಗಿದೆ.

ಉಪಸಂಹಾರ

ಒಟ್ಟಿನಲ್ಲಿ, ಮುಂಗಡ ಹಣ ನೀಡುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರವಿರಬೇಕು. ಈ ಮನೆಯನ್ನು ಕೊಳ್ಳಲು ಕಾನೂನಿನ ಅವಕಾಶ ಯಾವ ನಿಯಮದಡಿ ದೊರೆಯುತ್ತದೆ? ವರ್ಷದಲ್ಲಿ ಎಷ್ಟು ದಿನ, ಯಾರು, ಯಾವ ವೀಸಾದಲ್ಲಿ ವಾಸಿಸುತ್ತಾರೆ? ನಾಳೆ ಮಾರಬೇಕಾದರೆ ಕೊಳ್ಳಲು ಅರ್ಹರಾದವರು ಯಾರು? ಎರಡೂ ದೇಶಗಳ ತೆರಿಗೆ ಕಳೆದು ಉಳಿಯುವುದೆಷ್ಟು? ಇವುಗಳಲ್ಲಿ ಮೂರನೆಯದನ್ನೇ ಬಹುಮಂದಿ ಕೇಳುವುದಿಲ್ಲ. ಕೊಳ್ಳುವವರನ್ನು ಕಾಯ್ದೆಯೇ ಮಿತಿಗೊಳಿಸಿರುವ ಮಾರುಕಟ್ಟೆಯಲ್ಲಿ ಪ್ರವೇಶಕ್ಕಿಂತ ನಿರ್ಗಮನವೇ ಕಠಿಣ.

ಊರಿನವರ ಬದುಕಿನೊಡನೆ ಹೊಂದಿಕೊಂಡ ಹೂಡಿಕೆ ಮಾತ್ರ ಬಾಳುತ್ತದೆಂಬುದು ಆಂಡರ್‌ಮಾಟ್ ಕಲಿಸುವ ಪಾಠ. ಅಲ್ಲಿ ಹೊರಗಿನ ಬಂಡವಾಳವನ್ನು ಊರು ಸ್ವಾಗತಿಸಿದ್ದು ಅದರೊಂದಿಗೆ ಉದ್ಯೋಗವೂ ಬರುವುದೆಂಬ ನಂಬಿಕೆಯಿಂದ. ಬೀಗ ಹಾಕಿದ ಮನೆಗಳಷ್ಟೇ ಬಂದಾಗ ಜನ ಏನು ಮಾಡುತ್ತಾರೆಂಬುದನ್ನು 2012ರ ಮತಪೆಟ್ಟಿಗೆ ಹೇಳಿದೆ.