ಬೆನ್ನುಹುರಿಯ ಸ್ಕ್ಯಾನ್: ಕಾಂಟ್ರಾಸ್ಟ್ ಔಷಧಕ್ಕೆ ಮುನ್ನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಬೆನ್ನುನೋವಿನ ರೋಗಿಗಳು ಎಂಆರ್‌ಐ ಪರೀಕ್ಷೆಗೆಂದು ಬೆಳಗಾವಿ, ಧಾರವಾಡ ಅಥವಾ ಹುಬ್ಬಳ್ಳಿಗೆ ಹೋಗುವುದು ಸಾಮಾನ್ಯವಾಗಿದ್ದು, ಒಂದು ರಕ್ತಪರೀಕ್ಷೆಯ ವರದಿ ಇಲ್ಲವೆಂಬ ಕಾರಣಕ್ಕೆ ಹಿಂದಿರುಗಬೇಕಾದರೆ ದಿನದ ದುಡಿಮೆಯೂ ಬಸ್ ಖರ್ಚೂ ವ್ಯರ್ಥವಾಗುವುದರಿಂದ, ಸಿದ್ಧತೆ ಊರಿನಲ್ಲಿಯೇ ಮುಗಿಯಬೇಕು.

ಮೊದಲು ನೋಡಬೇಕಾದದ್ದು ವೈದ್ಯರ ಚೀಟಿ. ಕಾಂಟ್ರಾಸ್ಟ್ ಎಂದರೆ ಅಂಗಾಂಶಗಳ ವ್ಯತ್ಯಾಸ ಚಿತ್ರದಲ್ಲಿ ಎದ್ದು ಕಾಣುವಂತೆ ದೇಹಕ್ಕೆ ಕೊಡುವ ಔಷಧ; ಎಂಆರ್‌ಐಗೆ ಗ್ಯಾಡೋಲಿನಿಯಂ ಎಂಬ ಲೋಹದ ಸಂಯುಕ್ತವನ್ನೂ ಸಿಟಿ ಸ್ಕ್ಯಾನಿಗೆ ಅಯೋಡಿನ್ ಇರುವ ದ್ರವವನ್ನೂ ಬಳಸಲಾಗುತ್ತದೆ. ಡಿಸ್ಕ್ ಜಾರಿ ನರ ಒತ್ತಿದ ಸಾಮಾನ್ಯ ಪ್ರಕರಣಗಳಲ್ಲಿ ಇದರ ಅಗತ್ಯವೇ ಇರುವುದಿಲ್ಲ. ಬೆನ್ನುಮೂಳೆಯ ಕ್ಷಯ, ಗಡ್ಡೆ ಅಥವಾ ಶಸ್ತ್ರಚಿಕಿತ್ಸೆಯ ನಂತರ ಮರುಕಳಿಸಿದ ನೋವು ಇದ್ದಾಗ ಇದು ನಿಜಕ್ಕೂ ಉಪಯುಕ್ತ. ಏತಕ್ಕೆಂದು ಕೇಳುವುದು ರೋಗಿಯ ಹಕ್ಕು, ಉದ್ಧಟತನವಲ್ಲ.

ಎರಡನೆಯದು ಮೂತ್ರಪಿಂಡದ ಸ್ಥಿತಿ. ಕ್ರಿಯಾಟಿನಿನ್ ಪ್ರಮಾಣದಿಂದ ಲೆಕ್ಕಹಾಕುವ, ಮೂತ್ರಪಿಂಡದ ಸೋಸುವಿಕೆಯನ್ನು ತಿಳಿಸುವ ಇಜಿಎಫ್‌ಆರ್ ಅಂಕಿ 30ಕ್ಕಿಂತ ಕಡಿಮೆಯಿದ್ದರೆ ವೈದ್ಯರು ವಿಶೇಷ ಎಚ್ಚರ ವಹಿಸುತ್ತಾರೆ. ಏಕೆಂದರೆ ತೀವ್ರ ಮೂತ್ರಪಿಂಡ ವೈಫಲ್ಯವಿದ್ದವರಲ್ಲಿ ಚರ್ಮ ಮತ್ತು ಕೀಲುಗಳು ಗಡುಸಾಗುವ ಕಾಯಿಲೆಗೆ ಗ್ಯಾಡೋಲಿನಿಯಂ ಕಾರಣವಾಗಬಹುದೆಂಬುದು 2006ರಲ್ಲಿ ಬೆಳಕಿಗೆ ಬಂದಿತು. ಲೋಹವನ್ನು ಉಂಗುರದಂತೆ ಬಿಗಿಯಾಗಿ ಹಿಡಿದಿಡುವ ಮ್ಯಾಕ್ರೋಸೈಕ್ಲಿಕ್ ವರ್ಗದ ಔಷಧಗಳಲ್ಲಿ ಈ ಅಪಾಯ ತೀರ ವಿರಳ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಇತ್ತೀಚಿನ ಕ್ರಿಯಾಟಿನಿನ್ ವರದಿ ಒಯ್ಯುವುದು ಲೇಸು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು.

ಹಿಂದೊಮ್ಮೆ ಕಾಂಟ್ರಾಸ್ಟ್ ಒಗ್ಗದೆ ಮೈಮೇಲೆ ಗಂಧೆ ಎದ್ದಿದ್ದರೆ, ಉಬ್ಬಸವಿದ್ದರೆ, ಗರ್ಭವಿರುವ ಸಂಶಯವಿದ್ದರೆ, ಪೇಸ್‌ಮೇಕರ್ ಇದ್ದರೆ ಯಂತ್ರದ ಕೊಠಡಿಗೆ ಹೋಗುವ ಮೊದಲೇ ಹೇಳಬೇಕು. ಮೀನು, ಸೀಗಡಿ ಒಗ್ಗದವರಿಗೆ ಅಯೋಡಿನ್ ದ್ರವವೂ ಆಗದು ಎಂಬ ಹಳೆಯ ನಂಬಿಕೆಗೆ ಆಧಾರವಿಲ್ಲ.

ಗ್ಯಾಡೋಲಿನಿಯಂನ ಪ್ರಮಾಣ ದೊಡ್ಡದೇನಲ್ಲ: ಹೆಚ್ಚಿನ ಔಷಧಗಳಲ್ಲಿ ಕಿಲೋ ತೂಕಕ್ಕೆ 0.2 ಮಿಲಿಲೀಟರ್, ಅಂದರೆ 60 ಕಿಲೋ ತೂಗುವವರಿಗೆ 12 ಮಿಲಿಲೀಟರ್. ತೋಳಿನಲ್ಲಿ ತಂಪು ಹರಿದಂತಾಗುವುದು ಸಹಜ. ಸೂಜಿಯ ಜಾಗ ಉರಿದು ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ಕೈಗೆ ಕೊಟ್ಟ ಗುಂಡಿಯನ್ನು ಒತ್ತಿ ತಿಳಿಸಬೇಕು.

ಮೈಲೋಗ್ರಾಂ ಇದಕ್ಕಿಂತ ಭಿನ್ನ. ಅದರಲ್ಲಿ ದ್ರವವನ್ನು ಬೆನ್ನುಹುರಿಯ ಸುತ್ತಲಿನ ನೀರಿಗೇ ಬಿಡಲಾಗುತ್ತದೆ. 1940ರ ದಶಕದಲ್ಲಿ ಬಂದ ಎಣ್ಣೆಯಂಥ ಅಯೋಫೆಂಡಿಲೇಟ್ ಹಲವರಲ್ಲಿ ಬೆನ್ನುಹುರಿಯ ಪೊರೆಗಳನ್ನು ಉರಿಯೂತದಿಂದ ಅಂಟಿಸಿಬಿಟ್ಟಿತು. ಇಂದು ನೀರಿನಲ್ಲಿ ಕರಗುವ ಅಯೋಹೆಕ್ಸಾಲ್‌ನಂಥವು ಬಳಕೆಯಲ್ಲಿವೆ. ಬೆನ್ನಿಗೆ ಅನುಮತಿಯಿಲ್ಲದ ದ್ರವ ತಪ್ಪಿ ಒಳಹೊಕ್ಕರೆ ಪ್ರಾಣಾಪಾಯವಿರುವುದರಿಂದ ಸೀಸೆಯ ಚೀಟಿಯನ್ನು ಎರಡು ಬಾರಿ ಓದುವ ಹೊಣೆ ಸಿಬ್ಬಂದಿಯದು.

ಪರೀಕ್ಷೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು; ತೀವ್ರ ಅಲರ್ಜಿ ಬಹುತೇಕ ಆ ಅವಧಿಯಲ್ಲಿಯೇ ಕಾಣಿಸಿಕೊಳ್ಳುತ್ತದೆ. ಹಾಲೂಡಿಸುವ ತಾಯಂದಿರು ಹಾಲು ನಿಲ್ಲಿಸಬೇಕಾಗಿಲ್ಲ. ಹೊರಡುವ ಮುನ್ನ ಕೊಟ್ಟ ಔಷಧದ ಹೆಸರು, ಪ್ರಮಾಣ, ದಿನಾಂಕವನ್ನು ವರದಿಯಲ್ಲಿ ಬರೆಸಿಕೊಂಡು ಕಡತದಲ್ಲಿಡಬೇಕು. ಮುಂದಿನ ಸ್ಕ್ಯಾನಿನ ವೇಳೆ ವೈದ್ಯರು ಮೊದಲು ಕೇಳುವುದು ಅದನ್ನೇ.