ಒಂದು ಬಕೆಟ್ ಆಯಿಲಿನ ಲೆಕ್ಕ

ಕಳೆದ ಧನುರ್ಮಾಸದಲ್ಲಿ ನಮ್ಮ 2006ರ ಟಾಟಾ 407ಕ್ಕೆ ಗೇರ್ ಆಯಿಲ್ ಬದಲಿಸಬೇಕಿತ್ತು. ಅಂಗಡಿಯಲ್ಲಿ 20 ಲೀಟರಿನ ಬಕೆಟ್ ಕಂಡಿತು. 85ಡಬ್ಲ್ಯು-140, ಜಿಎಲ್-5. ಹೌಸಿಂಗಿಗೂ ಗೇರ್‌ಬಾಕ್ಸಿಗೂ ಒಂದೇ ಸಾಕೆಂದು ಕೊಂಡುಬಿಟ್ಟೆ. ಬೇರೆಬೇರೆ ಡಬ್ಬ ಕೊಳ್ಳುವುದಕ್ಕಿಂತ 640 ರೂಪಾಯಿ ಕಡಿಮೆ. ಆ ತೀರ್ಮಾನ ಪೂರ್ತಿ ನನ್ನದು.

ಮೂರನೇ ದಿನ ತಿಪಟೂರಿನಲ್ಲಿ ಕೊಬ್ಬರಿ ಹೇರಿಕೊಂಡು ಹೊರಟ ಡ್ರೈವರ್ ಕೆ.ಬಿ. ಕ್ರಾಸ್ ತಲುಪುವ ಮೊದಲೇ ಫೋನ್ ಮಾಡಿದ. “ಅಣ್ಣಾ, ಎರಡರಿಂದ ಮೂರಕ್ಕೆ ಹಾಕಿದ್ರೆ ಕರ್ರ್ ಅಂತೈತೆ. ಬೆಳಗ್ಗೆ ಇನ್ನೂ ಜಾಸ್ತಿ.”

ಗಾಡಿಗೆ ವಯಸ್ಸಾಯಿತು, ಸಿಂಕ್ರೋ ರಿಂಗ್ ಸವೆದಿರಬೇಕು ಎಂದುಕೊಂಡೆ. ಆಯಿಲ್ ಬದಲಿಸಿ ಮೂರೇ ದಿನವಾಗಿದೆ ಎಂಬುದು ತಲೆಗೆ ಹೊಳೆಯಲಿಲ್ಲ. ಮೊದಲು ಸದ್ದು ನಿಲ್ಲಿಸುವ ಔಷಧಿಯೆಂದು ಕೊಟ್ಟ ಎರಡು ಬಾಟಲಿ ಸುರಿದೆ. ಆಮೇಲೆ ಗೇರ್‌ಬಾಕ್ಸನ್ನೇ ಇಳಿಸಿದೆವು. 1986ರಿಂದ ರಸ್ತೆಯಲ್ಲಿರುವ ಮಾದರಿ, ಸಾಮಾನು ಎಲ್ಲಿ ಕೇಳಿದರೂ ಸಿಗುತ್ತದೆ. ಬಿಚ್ಚಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಹೊಸ ರಿಂಗ್, ಹೊಸ ಬೇರಿಂಗ್ ಕೂರಿಸಿ, ಅದೇ ಬಕೆಟಿನಲ್ಲಿ ಉಳಿದಿದ್ದ ಆಯಿಲ್ ತುಂಬಿದೆವು. ಮರುದಿನ ಬೆಳಗ್ಗೆ ಅದೇ ಕರ್ರ್.

ಅರಸೀಕೆರೆಯ ಹಿರಿಯ ಮೇಸ್ತ್ರಿಯೊಬ್ಬರು ಗಾಡಿ ಮುಟ್ಟುವ ಮೊದಲು ಕೇಳಿದ್ದು ಒಂದೇ: “ಆಯಿಲ್ ಯಾವ್ದು ಹಾಕ್ಸಿದ್ರಿ ಸ್ವಾಮಿ?” ಲೆವೆಲ್ ಬೋಲ್ಟ್ ಬಿಚ್ಚಿ, ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ ಮೂಗಿಗೆ ಹಿಡಿದರು. ಗಂಧಕದ ಘಾಟು. ಹೌಸಿಂಗಿನ ಕ್ರೌನ್-ಪಿನಿಯನ್‌ಗೆ ಬೇಕಾದದ್ದೇ ಅದು. ಸಿಂಕ್ರೋ ರಿಂಗಿಗೆ ಮಾತ್ರ ಬೇಕಾದದ್ದು ಹಿಡಿತ. ಕೋನನ್ನು ಉಜ್ಜಿ ವೇಗ ಸಮ ಮಾಡಬೇಕು. ಆಯಿಲ್ ಅತಿಯಾಗಿ ಜಾರಿದರೆ ಹಲ್ಲಿಗೆ ಹಲ್ಲು ತಾಗಿ ಕಿರುಚುತ್ತದೆ. ಸಾಲದ್ದಕ್ಕೆ 140ರ ಮಂದ, ಬೆಳಗಿನ ಚಳಿಗೆ ಇನ್ನಷ್ಟು ಗಟ್ಟಿ. ಎಲ್ಲ ಇಳಿಸಿ, ಮೊದಲು ಹಾಕುತ್ತಿದ್ದ ಜಿಎಲ್-4, 80ಡಬ್ಲ್ಯು-90 ತುಂಬಿದರು. ಎರಡು ಟ್ರಿಪ್ಪಿನಲ್ಲಿ ಸದ್ದು ಅಡಗಿತು. ಕಳಚಿ ಇಟ್ಟಿದ್ದ ಹಳೆಯ ರಿಂಗುಗಳನ್ನು ಅವರಿಗೆ ತೋರಿಸಿದೆ. ಹಲ್ಲಿನ ತುದಿ ಇನ್ನೂ ಚೂಪಾಗಿತ್ತು, ಒಳಗಿನ ಗೆರೆಗಳು ಉಗುರಿಗೆ ಸಿಗುತ್ತಿದ್ದವು.

ಈಗ ಲೆಕ್ಕ. ಕೂಲಿ 6,500. ರಿಂಗ್, ಬೇರಿಂಗ್ 14,200. ಬಾಟಲಿ ಎರಡಕ್ಕೆ 1,700. ಸರಿಯಾದ ಆಯಿಲಿಗೆ 1,900. ಇಲ್ಲಿಗೆ 24,300. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಗಾಡಿ 9 ದಿನ ನಿಂತಿತ್ತು. ಡೀಸೆಲ್, ಟೋಲ್, ಬಾಟಾ, ಡ್ರೈವರ್ ಸಂಬಳ ಎಲ್ಲ ಕಳೆದು ನನಗೆ ದಿನಕ್ಕೆ ಉಳಿಯುತ್ತಿದ್ದದ್ದು 1,800. ಒಂಬತ್ತು ದಿನಕ್ಕೆ 16,200. ಗಾಡಿ ನಿಂತರೂ ಸಂಬಳ ನಿಲ್ಲುವುದಿಲ್ಲ. ದಿನಕ್ಕೆ 600ರಂತೆ 5,400. ಸಂಬಳವನ್ನು ಎರಡು ಸಲ ಹಿಡಿದಂತೆ ಕಾಣಬಹುದು, ಹಾಗಲ್ಲ. ಆ 1,800 ಸಂಬಳ ಕೊಟ್ಟ ಮೇಲೆ ಉಳಿಯುತ್ತಿದ್ದ ಹಣ. ಒಟ್ಟು 45,900. ಉಳಿಸಿದ್ದು 640. ಸುಮಾರು 72 ಪಟ್ಟು ಹೋಯಿತು.

ಆ ಬಾಟಲಿಯ ಬಗ್ಗೆ ನನಗೆ ಸಿಟ್ಟಿದೆ. ಯಾವ ಸದ್ದು ಎಂದು ಕೇಳದೆ ಎಲ್ಲ ಸದ್ದಿಗೂ ಒಂದೇ ಮದ್ದು ಹೇಗಾಗುತ್ತದೆ? ಒಳಗೆ ಏನಿದೆಯೆಂದು ಬಾಟಲಿಯ ಮೇಲೆ ಒಂದು ಸಾಲೂ ಇಲ್ಲ. ಕೊಳ್ಳಬೇಡಿ.

ಸದ್ದು ತಾನೇ ಹೇಳುತ್ತದೆ, ಕೇಳುವ ತಾಳ್ಮೆ ಬೇಕು. ನ್ಯೂಟ್ರಲ್‌ನಲ್ಲಿ ಗುಂಯ್‌ಗುಟ್ಟಿ, ಕ್ಲಚ್ ಒತ್ತಿದಾಗ ನಿಂತರೆ ಇನ್‌ಪುಟ್ ಶಾಫ್ಟ್ ಬೇರಿಂಗ್ ನೋಡಿಸಿ. ಒತ್ತಿದಾಗಲೇ ಶುರುವಾದರೆ ರಿಲೀಸ್ ಬೇರಿಂಗ್. ಡೈರೆಕ್ಟ್ ಗೇರಿನಲ್ಲಿ ಮಾತ್ರ ಸುಮ್ಮನಾದರೆ ಲೇ ಶಾಫ್ಟಿನ ಕಡೆ ಅನುಮಾನ ಪಡಿ. ಆಯಿಲ್ ಬದಲಿಸಿದ ಬೆನ್ನಿಗೇ ಬಂದ ಸದ್ದಾದರೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಲೆವೆಲ್ ಬೋಲ್ಟಿನ ತೂತಿನ ಅಂಚಿಗೆ ಆಯಿಲ್ ಇದೆಯೇ ನೋಡಿ, ಡಬ್ಬದ ಮೇಲಿನ ಅಕ್ಷರ ಓದಿ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಕೆಸರು ಅಂಟಿದ್ದರೆ ಹೆದರಬೇಡಿ. ಚೂರು ಸಿಕ್ಕರೆ ಬಿಚ್ಚಿಸಿ. ಇಷ್ಟಕ್ಕೆ ಅರ್ಧ ಗಂಟೆ ಸಾಕು, ಒಂದು ಪೈಸೆ ಖರ್ಚಿಲ್ಲ. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಯಾವ ಆಯಿಲ್ ಎಂದು ಪುಸ್ತಕದಲ್ಲಿ ಬರೆಯಿರಿ. ಡೀಸೆಲ್ ಲೆಕ್ಕ ರೂಪಾಯಿಗೆ ರೂಪಾಯಿ ಬರೆಯುವ ನಾವು ಇದನ್ನೇಕೆ ಬಾಯಿಮಾತಿಗೆ ಬಿಡುತ್ತೇವೆ?

ಬಕೆಟಿನ ತಳದಲ್ಲಿ ಇನ್ನೂ ಆಯಿಲ್ ಇದೆ. ಮುಚ್ಚಳದ ಮೇಲೆ ಡ್ರೈವರ್ ಕೆಂಪು ಪೇಂಟಿನಲ್ಲಿ ‘ಹೌಸಿಂಗ್ ಮಾತ್ರ’ ಎಂದು ಬರೆದಿದ್ದಾನೆ.